ಹೊಸ ಊರು, ಹೊಸ ರುಚಿ: ಮನೆಯ ಬೇಕಿಂಗ್ ಮತ್ತು ಹೊರಗಿನ ಊಟಕ್ಕೆ ಕೆಲವು ಪಾಠಗಳು

ನೌಕರಿ, ಮಕ್ಕಳ ಓದು, ಮದುವೆ. ಈ ಮೂರರಲ್ಲಿ ಯಾವುದಾದರೊಂದು ಕಾರಣಕ್ಕೆ ಕರಾವಳಿಯಿಂದ, ಮಲೆನಾಡಿನಿಂದ, ಕಲಬುರಗಿ-ಬೀದರ್ ಕಡೆಯಿಂದ ನಮ್ಮ ಕುಟುಂಬಗಳು ಬೆಂಗಳೂರಿಗೆ ಬಂದು ನೆಲೆಸುತ್ತಲೇ ಇವೆ. ಬಂದ ಹೊಸತರಲ್ಲಿ ಹೆಚ್ಚಿನ ಮನೆಗಳಲ್ಲಿ ಎರಡು ಆಸೆಗಳು ಹುಟ್ಟುತ್ತವೆ. ಒಂದು, ಊರಿನಲ್ಲಿದ್ದಾಗ ಕೇಳಿ ಮಾತ್ರ ಗೊತ್ತಿದ್ದ ಹೊಟೇಲ್‌ಗಳಿಗೆಲ್ಲ ಒಂದೊಂದಾಗಿ ಹೋಗಿ ಬರಬೇಕು. ಇನ್ನೊಂದು, ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಒಂದು ಸಣ್ಣ ಓವನ್ ಇಟ್ಟು ಕೇಕ್, ಬನ್, ನಾನ್‌ಖತಾಯಿ ಮಾಡಬೇಕು.

ಈ ಎರಡು ಆಸೆಗಳಲ್ಲೂ ತಪ್ಪಿಲ್ಲ. ಒಳ್ಳೆಯ ಆಹಾರ ಅಲ್ಲಾಹನ ಅನುಗ್ರಹ. ಅದನ್ನು ಸವಿಯುವುದನ್ನು ಇಸ್ಲಾಮ್ ನಿಷೇಧಿಸಿಲ್ಲ, ಮಿತಿ ಮೀರುವುದನ್ನು ಮಾತ್ರ ತಡೆದಿದೆ. ತಿನ್ನಿರಿ, ಕುಡಿಯಿರಿ, ಆದರೆ ದುಂದು ಮಾಡಬೇಡಿರಿ ಎಂಬ ಅರ್ಥದ ಕುರ್‌ಆನಿನ ಬೋಧನೆ ನಮಗೆಲ್ಲ ಗೊತ್ತು. ವೈದ್ಯನಾಗಿ ನನ್ನ ಮುಂದೆ ಬರುವ ಪ್ರಶ್ನೆ ಬೇರೆ. ಹೊಸ ಊರಿಗೆ ಬಂದು ಮೂರು-ನಾಲ್ಕು ತಿಂಗಳಾಗುವಷ್ಟರಲ್ಲಿ ಮನೆಯವರೆಲ್ಲ ಎದೆಯುರಿ, ಹೊಟ್ಟೆ ಉಬ್ಬರ, ಮಲಬದ್ಧತೆ, ಏರುತ್ತಿರುವ ತೂಕ ಎಂದು ಏಕೆ ಬರುತ್ತಾರೆ? ಅದಕ್ಕೆ ಉತ್ತರವನ್ನು ಮತ್ತು ಮನೆಯಲ್ಲೇ ಮಾಡಿಕೊಳ್ಳಬಹುದಾದ ಪರಿಹಾರವನ್ನು ಈ ಪಾಠದಲ್ಲಿ ನೋಡೋಣ.

ಊರು ಬದಲಾದಾಗ ಹೊಟ್ಟೆಗೆ ಏನಾಗುತ್ತದೆ?

ಯುನಾನಿ ವೈದ್ಯಶಾಸ್ತ್ರ ಆರೋಗ್ಯ ರಕ್ಷಣೆಗೆ ಆರು ಅವಶ್ಯಕ ಕಾರಣಗಳನ್ನು ಹೇಳುತ್ತದೆ. ಇವುಗಳನ್ನು ಅಸ್ಬಾಬೆ ಸಿತ್ತಾ ಜರೂರಿಯಾ ಎನ್ನುತ್ತೇವೆ. ಗಾಳಿ, ಅನ್ನ ಮತ್ತು ನೀರು, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ದೇಹದಿಂದ ಹೊರಹೋಗಬೇಕಾದ್ದು ಹೋಗುವುದು, ಉಳಿಯಬೇಕಾದ್ದು ಉಳಿಯುವುದು. ಇಬ್ನ್ ಸೀನಾ (980-1037) ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಇವುಗಳನ್ನು ವಿಸ್ತಾರವಾಗಿ ವಿವರಿಸಿದ್ದಾರೆ.

ಊರು ಬದಲಾದಾಗ ಈ ಆರೂ ಒಟ್ಟಿಗೆ ಬದಲಾಗುತ್ತವೆ ಎಂಬುದನ್ನು ಗಮನಿಸಿ. ಮಂಗಳೂರಿನ ತೇವದ ಬಿಸಿ ಗಾಳಿ, ಕಲಬುರಗಿಯ ಒಣ ಬಿಸಿಲು ಬಿಟ್ಟು, ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿರುವ ಬೆಂಗಳೂರಿನ ತಂಪಿಗೆ ಬರುತ್ತೀರಿ. ಬಾವಿಯ ನೀರು ಹೋಗಿ ಕಾವೇರಿ ನೀರು, ಬೋರ್‌ವೆಲ್ ನೀರು, ಕೆಲವೊಮ್ಮೆ ಟ್ಯಾಂಕರ್ ನೀರು ಬರುತ್ತದೆ. ಅಂಗಳ, ತೋಟ, ಪೇಟೆಗೆ ನಡೆದು ಹೋಗುವ ರೂಢಿ ತಪ್ಪಿ ಲಿಫ್ಟು, ಆಟೋ ಬರುತ್ತವೆ. ಕೆಲಸದಿಂದ ಬರುವಾಗ ರಾತ್ರಿ ಎಂಟೂವರೆ, ಊಟ ಹತ್ತಕ್ಕೆ, ಮಲಗುವುದು ಹನ್ನೆರಡಕ್ಕೆ. ತವರಿನವರು, ನೆರೆಯವರು ದೂರವಾದ ಬೇಸರ ಮನಸ್ಸಿನಲ್ಲಿ. ಇಷ್ಟೆಲ್ಲ ಬದಲಾವಣೆಯ ಮೇಲೆ ಆಹಾರವನ್ನೂ ಏಕಾಏಕಿ ಬದಲಿಸಿದರೆ ಜೀರ್ಣಶಕ್ತಿ ತಡೆದುಕೊಳ್ಳುವುದು ಕಷ್ಟ. ರೂಢಿಯಾದುದನ್ನು ಒಮ್ಮೆಲೇ ಬಿಡಬಾರದು, ಹೊಸದನ್ನು ಮೆಲ್ಲಮೆಲ್ಲನೆ ತರಬೇಕು ಎಂಬುದು ಬುಕ್ರಾತ್ ಕಾಲದಿಂದ ಬಂದ ನಿಯಮ.

ಇನ್ನೊಂದು ವಿಷಯ. ತಂಪು ಹವೆಯಲ್ಲಿ ಹಸಿವು ಹೆಚ್ಚು. ಬೆಂಗಳೂರಿಗೆ ಬಂದ ಮೇಲೆ "ಇಲ್ಲಿ ಎಷ್ಟು ತಿಂದರೂ ಸಾಲದು" ಎಂದು ಹಲವರು ಹೇಳುವುದರಲ್ಲಿ ಸತ್ಯವಿದೆ. ಆದರೆ ಹಸಿವು ಹೆಚ್ಚಾದಷ್ಟೇ ನಡಿಗೆ ಹೆಚ್ಚಾಗಿಲ್ಲ. ತೂಕ ಏರುವುದು ಇದರಿಂದಲೇ.

ಒಂದು ಕುಟುಂಬದ ಉದಾಹರಣೆ

ಕರಾವಳಿಯಿಂದ ಬಂದು ನಾಲ್ಕು ತಿಂಗಳಾಗಿದ್ದ ಒಂದು ಕುಟುಂಬ ನನ್ನಲ್ಲಿಗೆ ಬಂದಿತ್ತು. ಮನೆಯ ಯಜಮಾನರಿಗೆ ರಾತ್ರಿ ಎದೆಯುರಿ. ಎಂಟು ವರ್ಷದ ಮಗನಿಗೆ ಮೂರು ದಿನಕ್ಕೊಮ್ಮೆ ಶೌಚ, ಅದೂ ಅಳುತ್ತ. ಆಕೆಗೆ ಹೊಟ್ಟೆ ಉಬ್ಬರ, ಜೊತೆಗೆ ಐದು ಕಿಲೋ ತೂಕ ಹೆಚ್ಚಳ. ಊರಿನಲ್ಲಿದ್ದಾಗ ಕುಚ್ಚಲಕ್ಕಿ ಗಂಜಿ, ಮೀನು, ಬಸಳೆ, ಹೆಸರುಕಾಳು ತಿನ್ನುತ್ತಿದ್ದವರು. ಇಲ್ಲಿ ಬೆಳಿಗ್ಗೆ ಬ್ರೆಡ್ ಅಥವಾ ಮನೆಯ ಕೇಕ್, ಮಗನ ಟಿಫಿನ್‌ಗೆ ಮಫಿನ್, ಶುಕ್ರವಾರ ಮತ್ತು ಶನಿವಾರ ರಾತ್ರಿ ಹತ್ತಕ್ಕೆ ಹೊಸ ಹೊಟೇಲ್.

ಆಕೆ ಮೊದಲೇ ಹೇಳಿಬಿಟ್ಟರು: "ಡಾಕ್ಟ್ರೇ, ಬೇಕಿಂಗ್ ಬಿಡಿ ಅಂತ ಮಾತ್ರ ಹೇಳ್ಬೇಡಿ. ಹಗಲೆಲ್ಲ ಒಬ್ಬಳೇ ಇರ್ತೇನೆ, ಅದೊಂದೇ ನನಗೆ ಖುಷಿ." ಅದನ್ನು ಬಿಡಿಸುವ ಅಗತ್ಯವೂ ಇರಲಿಲ್ಲ. ಮನಸ್ಸಿನ ನೆಮ್ಮದಿಯೂ ಆರು ಕಾರಣಗಳಲ್ಲಿ ಒಂದಲ್ಲವೇ? ನಾನು ಹೇಳಿದ್ದು ನಾಲ್ಕೇ ಮಾತು. ಬೇಕಿಂಗ್ ವಾರಕ್ಕೆ ಎರಡು ಸಲ: ಒಮ್ಮೆ ರೊಟ್ಟಿ ಅಥವಾ ಬನ್, ಒಮ್ಮೆ ಸಿಹಿ. ಬೆಳಗಿನ ತಿಂಡಿಗೆ ಮತ್ತೆ ಗಂಜಿ, ಇಲ್ಲವೇ ದೋಸೆ-ಇಡ್ಲಿ. ಹೊಟೇಲ್ ಊಟ ವಾರಕ್ಕೊಮ್ಮೆ, ಅದೂ ರಾತ್ರಿಯ ಬದಲು ಮಧ್ಯಾಹ್ನ. ರಾತ್ರಿಯ ಊಟ ಇಶಾಗೆ ಮುಂಚೆ, ಊಟವಾದ ಮೇಲೆ ಮಸೀದಿಗೆ ನಡೆದು ಹೋಗಿ ಬರುವುದು. ಮಗನಿಗೆ ಹಣ್ಣು, ನೀರು, ರಾತ್ರಿ ನೆನೆಸಿದ ಒಣ ಅಂಜೂರ.

ಯಜಮಾನರಿಗೆ ರಕ್ತ ಪರೀಕ್ಷೆಯನ್ನೂ ಬರೆದುಕೊಟ್ಟೆ. ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4ರವರೆಗೆ ಇದ್ದರೆ ಅದು ಮಧುಮೇಹದ ಹೊಸ್ತಿಲು. ಅವರ ವಯಸ್ಸು 38. ತಂದೆಗೆ ಮಧುಮೇಹ ಇತ್ತು. ಎದೆಯುರಿ ಎಂದು ಬಂದವರಿಗೆ ಅದಕ್ಕಿಂತ ದೊಡ್ಡ ಎಚ್ಚರಿಕೆ ಸಿಕ್ಕಿತು. ಒಂದೂವರೆ ತಿಂಗಳಲ್ಲಿ ಮಗನ ತೊಂದರೆ ಸರಿಹೋಯಿತು, ಎದೆಯುರಿ ಇಳಿಯಿತು. ಮೂರು ತಿಂಗಳ ಬಳಿಕ ಸಕ್ಕರೆಯ ಅಂಕ 5.8ಕ್ಕೆ ಬಂತು. ಔಷಧಿ ಕೊಟ್ಟದ್ದು ಕಡಿಮೆ, ಹೊತ್ತು ಬದಲಿಸಿದ್ದೇ ಹೆಚ್ಚು. ಕುಟುಂಬದಲ್ಲಿ ಮಧುಮೇಹ ಇರುವವರು ಊರು ಬದಲಿಸಿದ ಮೊದಲ ವರ್ಷದಲ್ಲೇ ಒಮ್ಮೆ ಈ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ಮಾತ್ರ ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಬಾರದು.

ಹಿಟ್ಟು ಮತ್ತು ಖಮೀರ್

ನಮ್ಮ ಹಳೆಯ ಹಕೀಮರು ರೊಟ್ಟಿಯ ಬಗ್ಗೆ ಬಹಳ ಬರೆದಿದ್ದಾರೆ. ಅವರ ಅಭಿಪ್ರಾಯದ ಸಾರ ಇಷ್ಟು: ಚೆನ್ನಾಗಿ ಹುದುಗಿದ, ಒಳಗಿನವರೆಗೂ ಬೆಂದ ರೊಟ್ಟಿ ಉತ್ತಮ. ಹುದುಗದ ರೊಟ್ಟಿ ಭಾರ. ತೌಡು ಇರುವ ಹಿಟ್ಟಿನ ರೊಟ್ಟಿ ಹೊಟ್ಟೆಯಿಂದ ಬೇಗ ಸಾಗುತ್ತದೆ, ತೌಡು ತೆಗೆದ ಬಿಳಿ ಹಿಟ್ಟಿನದು ತಡವಾಗಿ ಸಾಗುತ್ತದೆ. ಇಂದಿನ ಪೋಷಣಾ ವಿಜ್ಞಾನ ಇದನ್ನೇ ನಾರಿನ ಲೆಕ್ಕದಲ್ಲಿ ಹೇಳುತ್ತದೆ. 100 ಗ್ರಾಂ ಗೋಧಿ ಹಿಟ್ಟಿನಲ್ಲಿ ಸುಮಾರು 11 ಗ್ರಾಂ ನಾರು ಇದ್ದರೆ, ಅಷ್ಟೇ ಮೈದಾದಲ್ಲಿ 3 ಗ್ರಾಂ ಕೂಡ ಇಲ್ಲ. ಆ ಹುಡುಗನ ಮಲಬದ್ಧತೆಗೆ ಕಾರಣ ಇಲ್ಲೇ ಇತ್ತು.

ಹಾಗೆಂದು ಎಲ್ಲವನ್ನೂ ಗೋಧಿ ಹಿಟ್ಟಿನಲ್ಲೇ ಮಾಡಿದರೆ ಮೊದಲ ಸಲ ಗಟ್ಟಿಯಾಗಿ ಮನೆಯವರು ಮೂಗು ಮುರಿಯುತ್ತಾರೆ. ಮೊದಲು ಅರ್ಧ ಮೈದಾ, ಅರ್ಧ ಗೋಧಿ ಹಿಟ್ಟಿನಿಂದ ಶುರು ಮಾಡಿ. ಒಂದೆರಡು ತಿಂಗಳಲ್ಲಿ ಮುಕ್ಕಾಲು ಗೋಧಿಗೆ ಬನ್ನಿ. ಬೆಂಗಳೂರಿನಲ್ಲಿ ಒಳ್ಳೆಯ ರಾಗಿ ಹಿಟ್ಟು ಸುಲಭವಾಗಿ ಸಿಗುತ್ತದೆ. ಬಿಸ್ಕೆಟ್, ನಾನ್‌ಖತಾಯಿಗಳಿಗೆ ಕಾಲು ಭಾಗ ರಾಗಿ ಸೇರಿಸಿದರೆ ರುಚಿಯೂ ಹೆಚ್ಚು, ಸುಣ್ಣದಂಶವೂ ಸಿಗುತ್ತದೆ.

ಯೀಸ್ಟ್ ಎಂದರೆ ಜೀವಂತ ಖಮೀರ್. ಅದಕ್ಕೆ ಉಗುರುಬೆಚ್ಚಗಿನ ನೀರು ಬೇಕು, ಅಂದರೆ 35ರಿಂದ 40 ಡಿಗ್ರಿ. ಬೆರಳಿಟ್ಟರೆ ಸುಡುವ ನೀರಿನಲ್ಲಿ ಅದು ಸಾಯುತ್ತದೆ. ಊರಿನಲ್ಲಿ ಒಂದು ಗಂಟೆಯಲ್ಲಿ ಉಬ್ಬುತ್ತಿದ್ದ ಹಿಟ್ಟು ಬೆಂಗಳೂರಿನ ಡಿಸೆಂಬರ್‌ನಲ್ಲಿ ಎರಡು ಗಂಟೆಯಾದರೂ ಏಳುವುದಿಲ್ಲ. ಯೀಸ್ಟ್ ಹಾಳಾಗಿದೆ ಎಂದು ಇನ್ನಷ್ಟು ಸುರಿಯಬೇಡಿ. ಹಿಟ್ಟಿನ ಪಾತ್ರೆಯನ್ನು ಮುಚ್ಚಿ, ಆರಿಸಿದ ಓವನ್ನಿನೊಳಗೆ ಒಂದು ಲೋಟ ಬಿಸಿನೀರಿನ ಜೊತೆ ಇಡಿ. ಗಡಿಯಾರ ನೋಡದೆ ಹಿಟ್ಟನ್ನು ನೋಡಿ: ಅದು ದುಪ್ಪಟ್ಟಾಗಬೇಕು. ತಡವಾಗಿ ಹುದುಗಿದ ಹಿಟ್ಟಿನ ರೊಟ್ಟಿಗೆ ರುಚಿ ಹೆಚ್ಚು.

ಹಸಿ ಹಿಟ್ಟನ್ನು, ಕೇಕ್ ಕಲಸಿದ ಪಾತ್ರೆಯನ್ನು ಮಕ್ಕಳು ಬೆರಳಿನಿಂದ ನೆಕ್ಕುವುದನ್ನು ತಡೆಯಿರಿ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಇರಬಹುದು ಎಂಬುದು ಹಲವರಿಗೆ ಗೊತ್ತು. ಹಸಿ ಹಿಟ್ಟಿನಲ್ಲೂ ರೋಗಾಣುಗಳು ಇರಬಹುದು ಎಂಬುದು ಅನೇಕರಿಗೆ ಗೊತ್ತಿಲ್ಲ. ಹಿಟ್ಟು ಬೆಂದ ಮೇಲಷ್ಟೇ ಸುರಕ್ಷಿತ. ಹಾಗೆಯೇ ಬೇಯಿಸುವಾಗ ಬಂಗಾರದ ಬಣ್ಣ ಬಂದರೆ ಸಾಕು. ಕಪ್ಪಗಾದ ಅಂಚಿನಲ್ಲಿ ಅಕ್ರಿಲಮೈಡ್ ಎಂಬ ಬೇಡದ ರಾಸಾಯನಿಕ ಹೆಚ್ಚು. ಅದನ್ನು ಕತ್ತರಿಸಿ ತೆಗೆಯಿರಿ.

ಸಕ್ಕರೆ, ಕೊಬ್ಬು, ಸೋಡಾದ ಲೆಕ್ಕ

"ಮನೆಯಲ್ಲಿ ಮಾಡಿದ್ದು, ಆದ್ದರಿಂದ ಒಳ್ಳೆಯದು" ಎನ್ನುವುದು ಅರ್ಧ ಸತ್ಯ. ಮನೆಯದ್ದು ಶುಚಿಯಾಗಿರಬಹುದು, ಆದರೆ ಸಕ್ಕರೆ ಎಲ್ಲಿದ್ದರೂ ಸಕ್ಕರೆಯೇ. ಒಂದು ಲೆಕ್ಕ ಹಾಕೋಣ. ಸಾಮಾನ್ಯ ಸ್ಪಂಜ್ ಕೇಕಿಗೆ 200 ಗ್ರಾಂ ಸಕ್ಕರೆ ಹಾಕಿ ಎಂಟು ತುಂಡು ಮಾಡಿದರೆ ಒಂದು ತುಂಡಿಗೆ 25 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನದ ಶಕ್ತಿಯ ಶೇ. 10ಕ್ಕಿಂತ ಕಡಿಮೆ, ಸಾಧ್ಯವಾದರೆ ಶೇ. 5ರೊಳಗೆ ಮಾತ್ರ ಇಂಥ ಸಕ್ಕರೆ ಇರಲಿ ಎನ್ನುತ್ತದೆ. 2,000 ಕ್ಯಾಲೊರಿಯ ಊಟಕ್ಕೆ ಶೇ. 5 ಎಂದರೆ ಸರಿಯಾಗಿ 25 ಗ್ರಾಂ. ಅಂದರೆ ಒಂದು ತುಂಡು ಕೇಕ್‌ನಲ್ಲಿ ಇಡೀ ದಿನದ ಪಾಲು ಮುಗಿಯಿತು. ಚಹಾದ ಸಕ್ಕರೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ!

ಕೇಕಿನ ಸಕ್ಕರೆಯನ್ನು ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಕಡಿಮೆ ಮಾಡಿದರೂ ಕೇಕ್ ಕೆಡುವುದಿಲ್ಲ. 200ರ ಬದಲು 140 ಗ್ರಾಂ ಹಾಕಿ, ಹತ್ತು ತುಂಡು ಮಾಡಿ. ಒಬ್ಬರಿಗೆ 14 ಗ್ರಾಂ ಆಯಿತು. ಬೆಲ್ಲ, ಜೇನು, ಖರ್ಜೂರಗಳಲ್ಲಿ ಬೇರೆ ಗುಣಗಳಿವೆ ನಿಜ, ಆದರೆ ಮಧುಮೇಹಿಗಳಿಗೆ ಅವು ಸಕ್ಕರೆಗೆ ಬದಲಿ ಅಲ್ಲ. "ಖರ್ಜೂರದ ಕೇಕ್, ನನಗೇನೂ ಆಗುವುದಿಲ್ಲ" ಎಂದು ನಾಲ್ಕು ತುಂಡು ತಿಂದು ಬರುವ ಹಿರಿಯರನ್ನು ನಾನು ಆಗಾಗ ನೋಡುತ್ತೇನೆ.

ಕೊಬ್ಬಿನ ವಿಷಯದಲ್ಲಿ ಡಾಲ್ಡಾ ಮಾದರಿಯ ವನಸ್ಪತಿ ಮತ್ತು ಅಗ್ಗದ ಮಾರ್ಗರಿನ್‌ಗಳ ಬದಲು ಬೆಣ್ಣೆ ಅಥವಾ ಎಣ್ಣೆ ಬಳಸಿ, ಅದೂ ಅಳತೆಯಲ್ಲಿ. ಟ್ರಾನ್ಸ್ ಕೊಬ್ಬು ಹೃದಯದ ಶತ್ರು. ನಮ್ಮ ದೇಶದಲ್ಲಿ 2022ರಿಂದ ಎಣ್ಣೆ-ಕೊಬ್ಬುಗಳಲ್ಲಿ ಅದು ಶೇ. 2ನ್ನು ಮೀರಬಾರದೆಂಬ ನಿಯಮ ಬಂದಿದೆ. ಪೊಟ್ಟಣದ ಮೇಲೆ ಓದಿ ನೋಡುವುದು ನಮ್ಮ ಕೆಲಸ.

ರಕ್ತದೊತ್ತಡ ಇರುವವರು ಸೋಡಾವನ್ನೂ ನೆನಪಿಡಬೇಕು. ಒಂದು ಟೀ ಚಮಚ ಅಡುಗೆ ಸೋಡಾದಲ್ಲಿ ಸುಮಾರು 1,200 ಮಿಲಿಗ್ರಾಂ ಸೋಡಿಯಂ ಇದೆ. ಸಾರಿಗೆ ಉಪ್ಪು ಕಡಿಮೆ ಮಾಡಿ, ಸಂಜೆ ನಾಲ್ಕು ಬಿಸ್ಕೆಟ್ ತಿಂದರೆ ಪಥ್ಯ ಎಲ್ಲಿ ಉಳಿಯಿತು? ಇಂಥವರ ಮನೆಯಲ್ಲಿ ಸೋಡಾದ ಕೇಕಿಗಿಂತ ಯೀಸ್ಟಿನ ಬನ್ ಮೇಲು.

ಮಾಡಿ ನೋಡಿ: ಖರ್ಜೂರದ ಖಮೀರಿ ಬನ್

ಗೋಧಿ ಹಿಟ್ಟು 250 ಗ್ರಾಂ, ಮೈದಾ 150 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 5 ಗ್ರಾಂ, ಉಪ್ಪು 5 ಗ್ರಾಂ, ಬೀಜ ತೆಗೆದು ಅರೆದ ಮೆತ್ತನೆಯ ಖರ್ಜೂರ ನಾಲ್ಕು, ಎಣ್ಣೆ ಎರಡು ದೊಡ್ಡ ಚಮಚ, ಉಗುರುಬೆಚ್ಚಗಿನ ನೀರು ಸುಮಾರು 270 ಮಿಲಿಲೀಟರ್, ಮೇಲೆ ಉದುರಿಸಲು ಕಲೋಂಜಿ.

ಹಿಟ್ಟು, ಯೀಸ್ಟ್, ಉಪ್ಪು ಬೆರೆಸಿ. ಖರ್ಜೂರವನ್ನು ನೀರಿನಲ್ಲಿ ಕದಡಿ ಹಿಟ್ಟಿಗೆ ಹಾಕಿ ಕಲಸಿ. ಇಪ್ಪತ್ತು ನಿಮಿಷ ಹಾಗೆಯೇ ಬಿಡಿ. ಗೋಧಿ ಹಿಟ್ಟು ನೀರು ಹೀರಿಕೊಂಡು ಮೆತ್ತಗಾಗುತ್ತದೆ. ಆಮೇಲೆ ಎಣ್ಣೆ ಹಾಕಿ ಹತ್ತು ನಿಮಿಷ ನಾದಿ. ಮುಚ್ಚಿಟ್ಟು ದುಪ್ಪಟ್ಟಾದ ಮೇಲೆ ಎಂಟು ಉಂಡೆ ಮಾಡಿ ತಟ್ಟೆಯಲ್ಲಿಟ್ಟು, ಮತ್ತೆ ಅರ್ಧ ಗಂಟೆ ಉಬ್ಬಲು ಬಿಡಿ. ಮೇಲೆ ಸ್ವಲ್ಪ ಹಾಲು ಸವರಿ ಕಲೋಂಜಿ ಉದುರಿಸಿ, ಮೊದಲೇ ಕಾಯಿಸಿದ ಓವನ್ನಿನಲ್ಲಿ 200 ಡಿಗ್ರಿಯಲ್ಲಿ 18ರಿಂದ 22 ನಿಮಿಷ ಬೇಯಿಸಿ. ಅಡಿಭಾಗವನ್ನು ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಪೂರ್ತಿ ಆರಿದ ಮೇಲೆ ತಿನ್ನಿ. ಬಿಸಿ ಬಿಸಿ ಬನ್ ನುಂಗಿದರೆ ಹೊಟ್ಟೆ ಭಾರವಾಗುತ್ತದೆ. ಜೊತೆಗೆ ಬೇಯಿಸಿದ ಮೊಟ್ಟೆ ಅಥವಾ ಬೇಳೆಯ ಸೂಪ್ ಇದ್ದರೆ ಮಕ್ಕಳಿಗೆ ಒಂದು ಹೊತ್ತಿನ ಊಟವೇ ಆಯಿತು.

ಹಲಾಲ್ ಜೊತೆ ತಯ್ಯಿಬ್

ಬೇಕಿಂಗ್ ಸಾಮಾನು ಕೊಳ್ಳುವಾಗ ಪೊಟ್ಟಣದ ಹಸಿರು ಗುರುತನ್ನು ನೋಡಿ ನಿಶ್ಚಿಂತರಾಗುವವರು ಬಹಳ. ಆ ಗುರುತು ಒಂದು ಮಟ್ಟಿಗೆ ಸಹಾಯ ಮಾಡುತ್ತದೆ. ಪ್ರಾಣಿಜನ್ಯ ಜೆಲಟಿನ್, ಕೀಟದಿಂದ ತೆಗೆಯುವ ಕಾರ್ಮೈನ್ ಎಂಬ ಕೆಂಪು ಬಣ್ಣ (ಸಂಖ್ಯೆ 120) ಇರುವ ವಸ್ತುವಿಗೆ ಹಸಿರು ಗುರುತು ಹಾಕುವಂತಿಲ್ಲ. 471 ಸಂಖ್ಯೆಯ ಎಮಲ್ಸಿಫೈಯರ್ ಸಸ್ಯದಿಂದಲೂ ಬರಬಹುದು, ಪ್ರಾಣಿಯ ಕೊಬ್ಬಿನಿಂದಲೂ ಬರಬಹುದು. ಹಸಿರು ಗುರುತಿದ್ದರೆ ಸಸ್ಯದ್ದು ಎಂದು ತಿಳಿಯಬಹುದು. ಆದರೆ ಹಸಿರು ಗುರುತು ಮದ್ಯದ ಬಗ್ಗೆ ಏನೂ ಹೇಳುವುದಿಲ್ಲ. ಮದ್ಯ ಪ್ರಾಣಿಜನ್ಯವಲ್ಲವಲ್ಲ! ಪ್ಲಮ್ ಕೇಕ್, ತಿರಾಮಿಸು, ಕೆಲವು ಚಾಕೊಲೇಟುಗಳಲ್ಲಿ ರಮ್ ಅಥವಾ ಲಿಕರ್ ಇರಬಹುದು. ಶುದ್ಧ ವೆನಿಲಾ ಸಾರವನ್ನು ತೆಗೆಯುವುದೇ ಆಲ್ಕೊಹಾಲಿನಲ್ಲಿ. ಆದ್ದರಿಂದ ಪದಾರ್ಥಗಳ ಪಟ್ಟಿಯನ್ನು ಓದಿ. ಯಾವುದು ಎಷ್ಟರಮಟ್ಟಿಗೆ ಅನುಮತ ಎಂಬ ಪ್ರಶ್ನೆಗೆ ಉತ್ತರಿಸಬೇಕಾದವರು ಉಲಮಾಗಳು. ಒಳಗೆ ಏನಿದೆ ಎಂದು ತಿಳಿಯುವುದು ಮಾತ್ರ ನಮ್ಮೆಲ್ಲರ ಹೊಣೆ. ಏಲಕ್ಕಿ, ಕೇಸರಿ, ಗುಲಾಬಿ ನೀರು ಇರುವಾಗ ವೆನಿಲಾ ಇಲ್ಲದೆಯೂ ಕೇಕಿಗೆ ಪರಿಮಳ ಬರುತ್ತದೆ.

ಹಲಾಲ್ ಆದರಷ್ಟೇ ಸಾಲದು, ತಯ್ಯಿಬ್ ಅಂದರೆ ಶುದ್ಧವೂ ಹಿತಕರವೂ ಆಗಿರಬೇಕು. ಕೃತಕ ಬಣ್ಣಗಳ ವಿಷಯ ಇಲ್ಲಿ ಬರುತ್ತದೆ. ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ಮತ್ತು ಬಣ್ಣದ ಬೊಂಬಾಯಿ ಮಿಠಾಯಿಯನ್ನು ನಿಷೇಧಿಸಿತು. ಅದೇ ವರ್ಷ ಜೂನ್‌ನಲ್ಲಿ ಕಬಾಬ್‌ಗಳಿಗೆ ಬಣ್ಣ ಹಾಕುವುದನ್ನೂ ನಿಷೇಧಿಸಿತು. ಕಬಾಬ್ ನಮ್ಮ ತಿಂಡಿ. ಅದು ಕೆಂಡದಂತೆ ಕೆಂಪಗಿದ್ದರೆ ಹೆಮ್ಮೆ ಪಡಬೇಡಿ, ಅನುಮಾನ ಪಡಿ. ಮನೆಯಲ್ಲಿ ಕೆಂಪು ಬೇಕಿದ್ದರೆ ಬ್ಯಾಡಗಿ ಮೆಣಸಿದೆ, ಬೀಟ್‌ರೂಟ್ ಇದೆ.

ಹೊಟೇಲಿಗೆ ಹೋಗುವಾಗ

ಬೆಂಗಳೂರಿನಲ್ಲಿ ತಿಂದು ನೋಡಬೇಕಾದ್ದು ಬಹಳ ಇದೆ. ಫ್ರೇಜರ್ ಟೌನ್‌ನ ಮಾಸ್ಕ್ ರೋಡಿನ ಆಲ್ಬರ್ಟ್ ಬೇಕರಿ 1902ರಷ್ಟು ಹಳೆಯದು. ಶಿವಾಜಿನಗರದ ಕಬಾಬ್, ರಮಝಾನ್‌ನ ಹಲೀಮ್, ರವೆ-ಖೋವಾದ ದಮ್ ಕಾ ರೋಟ್ ಒಂದು ಕಡೆ. ಬಸವನಗುಡಿಯಲ್ಲಿ 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದ ದೋಸೆ, ವಿ.ವಿ. ಪುರಂ ತಿಂಡಿ ಬೀದಿಯ ಚಳಿಗಾಲದ ಅವರೆಕಾಯಿ ತಿನಿಸು, ಮೊಟ್ಟೆ ಹಾಕದ ಅಯ್ಯಂಗಾರ್ ಬೇಕರಿಗಳ ಬ್ರೆಡ್ ಇನ್ನೊಂದು ಕಡೆ. ಹೊಸ ಊರಿನ ಊಟವೆಂದರೆ ಬಿರಿಯಾನಿ ಒಂದೇ ಅಲ್ಲ. ಮಾಂಸದ ಚಿಂತೆ ಇಲ್ಲದ ಇಡ್ಲಿ, ಅಕ್ಕಿರೊಟ್ಟಿ, ಮುದ್ದೆ-ಸೊಪ್ಪಿನ ಸಾರುಗಳಲ್ಲಿ ಈ ನಾಡಿನ ರುಚಿ ಇದೆ. ಇಡ್ಲಿಯೂ ಹುದುಗಿದ, ಹಬೆಯಲ್ಲಿ ಬೆಂದ, ಎಣ್ಣೆಯಿಲ್ಲದ ತಿಂಡಿ. ಹೊಟ್ಟೆಗೆ ಇದಕ್ಕಿಂತ ಹಗುರವಾದ ಹೊರಗಿನ ತಿಂಡಿ ಸಿಗುವುದು ಕಷ್ಟ.

ಹೊಸ ಜಾಗಕ್ಕೆ ಹೋದಾಗ ಈ ಕೆಲವು ವಿಷಯಗಳನ್ನು ನೋಡಿ.

1. ಮೊದಲು ಕೈ ತೊಳೆಯುವ ಜಾಗ ನೋಡಿ. ಗಿರಾಕಿಗೆ ಕಾಣುವ ಬೇಸಿನ್‌ನಲ್ಲೇ ಸಾಬೂನು ಇಲ್ಲದಿದ್ದರೆ ಕಾಣದ ಅಡುಗೆಮನೆ ಹೇಗಿರುತ್ತದೆ ಎಂದು ಊಹಿಸಬಹುದು.

2. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ ಹೊಟೇಲಿನಲ್ಲಿ ಕಾಣುವಂತೆ ಇರಬೇಕು. 2022ರ ಜನವರಿಯಿಂದ ಬಿಲ್ಲಿನಲ್ಲೂ ಅದನ್ನು ಮುದ್ರಿಸಬೇಕು. ಬಿಲ್ ಇಟ್ಟುಕೊಳ್ಳಿ, ಊಟ ಕೆಟ್ಟಿದ್ದರೆ ದೂರು ಕೊಡಲು ಬೇಕಾಗುತ್ತದೆ.

3. ಜನ ಬಂದು ಹೋಗುವ ಹೊತ್ತಿಗೆ ಹೋಗಿ. ಮಧ್ಯಾಹ್ನ ಒಂದಕ್ಕೆ ದಮ್ ಬಿಚ್ಚಿದ ಬಿರಿಯಾನಿ ಬೇರೆ, ರಾತ್ರಿ ಹನ್ನೊಂದಕ್ಕೆ ಅದೇ ಪಾತ್ರೆಯ ತಳ ಬೇರೆ. ಬೆಂದ ಅನ್ನ 5 ಡಿಗ್ರಿಯಿಂದ 60 ಡಿಗ್ರಿಯ ನಡುವೆ ಹೆಚ್ಚು ಹೊತ್ತು ಇದ್ದರೆ ಬ್ಯಾಸಿಲಸ್ ಸೀರಿಯಸ್ ಎಂಬ ರೋಗಾಣು ಬೆಳೆದು ವಿಷ ಬಿಡುತ್ತದೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಪಾರ್ಸೆಲ್ ತಂದರೆ ಎರಡು ಗಂಟೆಯೊಳಗೆ ತಿನ್ನಿ, ಇಲ್ಲವೇ ಫ್ರಿಜ್‌ನಲ್ಲಿಡಿ.

4. ಶವರ್ಮಾದ ಜೊತೆಗಿನ ಮಯೊನೇಸ್ ವಿಷಯದಲ್ಲಿ ಎಚ್ಚರ. ಹಸಿ ಮೊಟ್ಟೆಯ ಮಯೊನೇಸನ್ನು ಕೇರಳ 2023ರಲ್ಲಿ, ತೆಲಂಗಾಣ 2024ರಲ್ಲಿ ನಿಷೇಧಿಸಿದವು. ಮೊಟ್ಟೆಯಿಲ್ಲದ್ದು ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ಬಿಡಿ. ಮಾಂಸ ಒಳಗಿನವರೆಗೂ ಬೆಂದಿರಬೇಕು. ಗರ್ಭಿಣಿಯರು, ಚಿಕ್ಕ ಮಕ್ಕಳು, ವೃದ್ಧರಿಗೆ ಶವರ್ಮಾ ಬೇಡವೇ ಬೇಡ.

5. ಹಲಾಲ್ ಬಗ್ಗೆ ಸಂಕೋಚವಿಲ್ಲದೆ, ವಿನಯದಿಂದ ಕೇಳಿ. ಬೋರ್ಡ್ ನೋಡಿ ಸುಮ್ಮನಾಗಬೇಡಿ. ಮಾಂಸ ಎಲ್ಲಿಂದ ಬರುತ್ತದೆ, ಹಂದಿ ಮಾಂಸವನ್ನೂ ಅದೇ ಎಣ್ಣೆಯಲ್ಲಿ ಕರಿಯುತ್ತಾರೆಯೇ, ಸಾಸ್‌ಗೆ ವೈನ್ ಹಾಕುತ್ತಾರೆಯೇ ಎಂದು ವಿಚಾರಿಸಿ.

6. ಇಬ್ಬರ ಊಟ ಮೂವರಿಗೆ ಸಾಕು ಎಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ಆರ್ಡರ್ ಮಾಡುವಾಗ ನೆನಪಿಡಿ. ನಾಲ್ಕು ಜನರಿದ್ದರೆ ಮೂರು ಪ್ಲೇಟ್ ತರಿಸಿ ಹಂಚಿಕೊಳ್ಳಿ. ಹೊಟ್ಟೆಯ ಮೂರನೇ ಒಂದು ಭಾಗ ಊಟಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಉಸಿರಿಗೆ ಎಂದು ಅವರು(ಸ) ಕಲಿಸಿದ ಮಿತಿಗಿಂತ ಒಳ್ಳೆಯ ಪಥ್ಯ ನನ್ನ ಬಳಿ ಇಲ್ಲ. ಹಣವೂ ಉಳಿಯುತ್ತದೆ.

ಭಾರವಾದ ಊಟಕ್ಕೆ ಮುಸ್ಲಿಹ್

ಯುನಾನಿಯಲ್ಲಿ ಮುಸ್ಲಿಹ್ ಎಂಬ ವಿಚಾರವಿದೆ. ಒಂದು ಆಹಾರದ ಕೆಡುಕನ್ನು ತಗ್ಗಿಸುವ ಜೊತೆಗಾರನೇ ಮುಸ್ಲಿಹ್. ಅಲ್ ರಾಝಿ ಇದರ ಬಗ್ಗೆಯೇ ಒಂದು ಪುಸ್ತಕ ಬರೆದರು. 11ನೇ ಶತಮಾನದ ಬಗ್ದಾದಿನ ವೈದ್ಯ ಇಬ್ನ್ ಬುತ್ಲಾನ್ 'ತಕ್ವೀಮುಸ್ಸಿಹ್ಹಾ'ದಲ್ಲಿ ಒಂದೊಂದು ಆಹಾರದ ಗುಣ, ದೋಷ, ದೋಷ ಪರಿಹಾರಗಳನ್ನು ಕೋಷ್ಟಕ ಮಾಡಿಯೇ ಕೊಟ್ಟರು. ನಮ್ಮ ಅಜ್ಜಿಯರ ಊಟದಲ್ಲಿ ಈ ಜ್ಞಾನ ಸಹಜವಾಗಿತ್ತು. ಮಾಂಸಕ್ಕೆ ಶುಂಠಿ, ಪುದೀನ, ನಿಂಬೆ, ಕೊಬ್ಬಿಗೆ ಜೀರಿಗೆ, ಊಟದ ಬಳಿಕ ಸೋಂಪು. ಇಂದು ಆ ಜಾಗಕ್ಕೆ ಬಾಟಲಿಯ ತಂಪು ಪಾನೀಯ ಬಂದಿದೆ. ಅದು ಮುಸ್ಲಿಹ್ ಅಲ್ಲ, ಸಕ್ಕರೆ ನೀರು. ಅದರ ಬದಲು ಜೀರಿಗೆ ನೀರು ಅಥವಾ ಸಕ್ಕರೆಯಿಲ್ಲದ ನಿಂಬೆ ಪಾನಕ ಕುಡಿಯಿರಿ.

ಮೊದಲು ತಿಂದದ್ದು ಜೀರ್ಣವಾಗುವ ಮುನ್ನ ಮತ್ತೆ ತಿನ್ನಬಾರದು ಎಂಬುದು ನಮ್ಮ ಶಾಸ್ತ್ರದ ಕಟ್ಟುನಿಟ್ಟಾದ ಮಾತು. ಮಧ್ಯಾಹ್ನ ಹೊರಗೆ ಚೆನ್ನಾಗಿ ಊಟ ಮಾಡಿದ ದಿನ ಸಂಜೆ ಕೇಕ್ ಬೇಡ. ರಾತ್ರಿಗೆ ಗಂಜಿ ಅಥವಾ ಹಣ್ಣು ಸಾಕು. ಹಸಿವಿಲ್ಲದಿದ್ದರೆ ಒಂದು ಹೊತ್ತು ಬಿಟ್ಟರೂ ನಷ್ಟವಿಲ್ಲ. ಮಧುಮೇಹದ ಔಷಧಿ ತೆಗೆದುಕೊಳ್ಳುವವರು ಮಾತ್ರ ಊಟ ಬಿಡಬಾರದು.

ಹೊಟ್ಟೆ ಕೆಟ್ಟರೆ

ಎಷ್ಟು ಎಚ್ಚರವಿದ್ದರೂ ಒಮ್ಮೊಮ್ಮೆ ವಾಂತಿ-ಭೇದಿ ಆಗಬಹುದು. ಮೊದಲ ಔಷಧಿ ಓಆರ್‌ಎಸ್. ಪೊಟ್ಟಣದ ಮೇಲೆ ಹೇಳಿದಷ್ಟೇ ಶುದ್ಧ ನೀರಿನಲ್ಲಿ ಕರಗಿಸಿ ಗುಟುಕು ಗುಟುಕಾಗಿ ಕುಡಿಸಿ. ಎದೆಹಾಲು ಕುಡಿಯುವ ಮಗುವಿಗೆ ಹಾಲು ನಿಲ್ಲಿಸಬೇಡಿ. ಅನ್ನದ ಗಂಜಿ, ಬಾಳೆಹಣ್ಣು, ಮೊಸರು ಕೊಡಬಹುದು. ಮಲದಲ್ಲಿ ರಕ್ತ, ಜೋರು ಜ್ವರ, ನಿಲ್ಲದ ವಾಂತಿ, ಮಗುವಿನ ಕಣ್ಣು ಗುಳಿಬಿದ್ದು ಮೂತ್ರ ಕಡಿಮೆಯಾಗುವುದು, ಮಂಪರು ಇವುಗಳಲ್ಲಿ ಒಂದು ಕಂಡರೂ ಮನೆಮದ್ದು ಮಾಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ. ಹೊಸ ಮನೆಗೆ ಬಂದ ಮೊದಲ ವಾರದಲ್ಲೇ, ಹತ್ತಿರದ ಹೊಟೇಲ್ ಹುಡುಕುವ ಮುನ್ನ, ರಾತ್ರಿಯೂ ತೆರೆದಿರುವ ಹತ್ತಿರದ ಆಸ್ಪತ್ರೆ ಯಾವುದೆಂದು ತಿಳಿದುಕೊಂಡಿರಿ.

ಒಂದು ತಟ್ಟೆ ನೆರೆಮನೆಗೆ

ಮನಸ್ಸಿನ ಆರೋಗ್ಯದ ಬಗ್ಗೆ ಒಂದು ಮಾತು ಉಳಿದಿದೆ. ಊರು ಬಿಟ್ಟು ಬಂದ ಹೆಣ್ಣುಮಕ್ಕಳು ಸಂಕಟ ಹೇಳುವಾಗ ಹೊಟ್ಟೆಯ ಹೆಸರು ಹೇಳುತ್ತಾರೆ, ಕೆದಕಿ ಕೇಳಿದರೆ ಒಂಟಿತನ ಹೊರಬರುತ್ತದೆ. ನಾಲ್ಕು ಗೋಡೆಯ ನಡುವೆ ಮಾಡಿದ ಕೇಕನ್ನು ಒಬ್ಬರೇ ತಿಂದರೆ ತೂಕ ಹೆಚ್ಚುತ್ತದೆ, ಬೇಸರ ಕಡಿಮೆಯಾಗುವುದಿಲ್ಲ. ಸಾರಿಗೆ ನೀರು ಹೆಚ್ಚು ಹಾಕಿಯಾದರೂ ನೆರೆಯವರಿಗೆ ಕೊಡಬೇಕೆಂದು ಪ್ರವಾದಿವರ್ಯರು(ಸ) ಉಪದೇಶಿಸಿದ್ದಾರೆ. ಎಂಟು ಬನ್ ಮಾಡಿದರೆ ಮೂರನ್ನು ಎದುರು ಮನೆಗೆ ಕೊಡಿ. ಅವರು ಯಾವ ಧರ್ಮದವರಾದರೂ ನೆರೆಯವರೇ. ಮೇಲೆ ಹೇಳಿದ ಬನ್‌ನಲ್ಲಿ ಮೊಟ್ಟೆ ಇಲ್ಲ. ಸಸ್ಯಾಹಾರಿಗಳಿಗೂ ಧೈರ್ಯವಾಗಿ ಕೊಡಬಹುದು, ಏನೇನು ಹಾಕಿದ್ದೀರಿ ಎಂದೂ ಹೇಳಿ. ಖಾಲಿ ತಟ್ಟೆ ಹಿಂದಿರುಗಿಸಲು ಅವರು ಬರುವಾಗ ಮಾತು ಶುರುವಾಗುತ್ತದೆ. ಸೊಪ್ಪು ಎಲ್ಲಿ ತಾಜಾ ಸಿಗುತ್ತದೆ, ಮಕ್ಕಳ ಡಾಕ್ಟರು ಯಾರು ಒಳ್ಳೆಯವರು, ಯಾವ ಹೊಟೇಲಿನ ಊಟ ಹೊಟ್ಟೆಗೆ ಒಗ್ಗುತ್ತದೆ ಎಂಬುದನ್ನು ಅವರಿಗಿಂತ ಚೆನ್ನಾಗಿ ಹೇಳುವವರು ಹೊಸ ಊರಿನಲ್ಲಿ ನಿಮಗೆ ಬೇರೆ ಸಿಗಲಾರರು.